ಕೊಡಗಿನ ಕೋವಿಯೂ ಮಂದಿನ ತೆಂಗಿನಕಾಯಿಯೂ

ಗದ್ದೆಯ ನಾಟಿ ಮುಗಿದು, ಕಕ್ಕಡ ಮಾಸದ ಜಡಿಮಳೆ ತನ್ನ ಆರ್ಭಟವನ್ನು ಕೊಂಚ ತಗ್ಗಿಸಿದ ತರುವಾಯ, ಸಾಧಾರಣವಾಗಿ ಸೆಪ್ಟೆಂಬರ್ 3ರಂದು ಕೊಡವರು ಆಚರಿಸುವ ಕೈಲ್‌ಪೊಳ್ದ್ ಹಬ್ಬವನ್ನು ಹೊರಗಿನವರು ಆಯುಧಪೂಜೆಯೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿಬಿಡುವುದುಂಟು. ಪೂಜೆ ಅದರ ಪೂರ್ವಾರ್ಧ ಮಾತ್ರ. ಉತ್ತರಾರ್ಧವು ಊರ ಮಂದಿನಲ್ಲಿ, ಎಂದರೆ ಊರವರೆಲ್ಲ ಕೂಡುವ ಹಸುರು ಬಯಲಿನಲ್ಲಿ, ಎತ್ತರದ ಮರದ ಮೇಲೆ ಕಟ್ಟಿದ ತೆಂಗಿನಕಾಯಿಯನ್ನು ಕೋವಿಯಿಂದ ಹೊಡೆಯುವ ಪಂದ್ಯದಲ್ಲಿ ನಡೆಯುವುದು. ಮೀಸೆ ಮೂಡುತ್ತಿರುವ ಹುಡುಗನೊಬ್ಬನಿಗೆ ಹತ್ತು ಜನರ ಕಣ್ಣೆದುರಿನಲ್ಲಿ ಗುರಿಕಾರನೆನ್ನಿಸಿಕೊಳ್ಳುವ ಅವಕಾಶ ದೊರೆಯುತ್ತಿದ್ದುದು ಅಲ್ಲಿಯೇ. ಸ್ಪರ್ಧೆಗಾಗಿ ಗುರಿ ಹೊಡೆಯುವ ಆಟವು ನಮ್ಮಲ್ಲಿಗೆ ಆಂಗ್ಲರ ಕ್ಲಬ್ಬುಗಳಿಂದಲೂ ಅರಸುಮಕ್ಕಳ ವಿನೋದದಿಂದಲೂ ಬಂದುದೆಂದು ನಂಬಿರುವವರಿಗೆ ಈ ಬಯಲಿನ ಚರಿತ್ರೆ ತುಸು ಬೇರೆಯ ಸಂಗತಿಯನ್ನು ತಿಳಿಸೀತು.

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು ಹಾರಿಸಿ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಸಾವಾದರೆ ಎರಡು ಈಡು. ಹುಟ್ಟಿದ ಕೂಸಿನ ಕೈಗೆ ಹರಳುಗಿಡದ ದಂಟಿನಿಂದ ಮಾಡಿದ ಪುಟ್ಟ ಬಿಲ್ಲುಬಾಣಗಳನ್ನು ಮುಟ್ಟಿಸುವ ಶಾಸ್ತ್ರವೂ ಇದ್ದಿತು. 1870ರಲ್ಲಿ ಕೊಡಗಿನ ಕೈಪಿಡಿಯನ್ನು ಪ್ರಕಟಿಸಿದ ಜರ್ಮನ್ ಪಾದ್ರಿ ರಿಕ್ಟರ್, 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಹೊರತಂದ ನಡಿಕೇರಿಯಂಡ ಚಿಣ್ಣಪ್ಪನವರು, 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ತಮ್ಮ ಗ್ರಂಥದಿಂದ ಪ್ರಸಿದ್ಧರಾದ ಎಂ. ಎನ್. ಶ್ರೀನಿವಾಸರು, ಈ ಮೂವರ ಬರಹಗಳನ್ನು ಎದುರುಬದುರಾಗಿ ಇಟ್ಟುಕೊಂಡು ನೋಡುವಾಗ ನನಗೆ ಮುಖ್ಯವಾಗಿ ಕಾಣುವುದು ಆ ಜನರ ಶೌರ್ಯದ ವಿಚಾರವಲ್ಲ, ಅದನ್ನು ಹೊಗಳಿದವರು ಬೇಕಾದಷ್ಟು ಮಂದಿ ಇದ್ದಾರೆ. ಆಯುಧವು ಒಬ್ಬನ ಸೊತ್ತಾಗುವುದಕ್ಕಿಂತ ಮೊದಲು ಒಕ್ಕದ, ಎಂದರೆ ಒಂದೇ ಮೂಲದ ಕುಟುಂಬದವರೆಲ್ಲರ, ಸೊತ್ತಾಗಿದ್ದಿತೆಂಬುದು. ಹುಡುಗನಿಗೆ ಕೋವಿಯನ್ನು ಯಾರೂ ಅಂಗಡಿಯಿಂದ ತಂದುಕೊಡಲಿಲ್ಲ; ಅದು ಒಕ್ಕದ ಮೂಲಮನೆಯಾದ ಐನ್‌ಮನೆಯ ದೀಪದ ಮುಂದಿನಿಂದ ಅವನ ಕೈಗೆ ಬಂದಿತು.

ಬಂದ ಬಗೆಯೂ ಗಮನಾರ್ಹವಾದುದೇ. ಉಳುಮೆ ನಾಟಿಗಳ ಕಾಲದಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳೆಲ್ಲ ದೇವರಕೋಣೆಯಾದ ಕನ್ನಿಕೊಂಬರೆಯಲ್ಲಿ ವಿಶ್ರಮಿಸಬೇಕು. ಗದ್ದೆಗೆ ಇಳಿದವನು ಬೇಟೆಗೆ ಹೋಗುವಂತಿರಲಿಲ್ಲ. ಹಬ್ಬದ ದಿನ ಅವುಗಳನ್ನು ಹೊರತೆಗೆದು, ತಿಕ್ಕಿ ತೊಳೆದು, ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯ ತೂಗುದೀಪದ ಬಳಿಯಲ್ಲಿರಿಸಿ, ಆ ದಿನಗಳಲ್ಲೇ ಬೇಲಿಸಾಲುಗಳಲ್ಲಿ ಉರಿಯ ನಾಲಗೆಯಂತೆ ಅರಳುವ ತೋಕ್‌ಪೂವನ್ನು ಕೋವಿಯ ನಳಿಗೆಗೆ ಸಿಕ್ಕಿಸುವರು. ಒಕ್ಕದ ಮೂಲಪುರುಷರಾದ ಗುರುಕಾರೋಣರಿಗೆ ಕಡುಂಬುಟ್ಟು ಪಂದಿಕರಿಗಳ ಎಡೆಯಾದ ಮೇಲೆ ಮನೆಯ ಹಿರಿಯನು ಒಬ್ಬೊಬ್ಬ ಕಿರಿಯನನ್ನೂ ಕರೆದು, ತಾನಾಗಿ ಜಗಳ ತೆಗೆಯಬಾರದೆಂದೂ ತೆಗೆದವನಿಗೆ ಬೆನ್ನು ತೋರಬಾರದೆಂದೂ ಬುದ್ಧಿ ಹೇಳಿ ಕೋವಿಯನ್ನು ಕೊಡುವನು. ಕೊಡುವಾಗಲೇ ಕಟ್ಟುಪಾಡನ್ನೂ ಕೂಡಿಸಿ ಕೊಡುವ ಈ ಪದ್ಧತಿ, ಶಸ್ತ್ರಾಭ್ಯಾಸದ ಮೊದಲ ಪಾಠವು ನಿಗ್ರಹವೆಂದು ಇಂದಿನ ತರಬೇತುದಾರರು ಹೇಳುವುದಕ್ಕಿಂತ ಎಷ್ಟೋ ಹಿಂದಿನದು.

ಊಟ ಮುಗಿದು ಜನ ಮಂದಿಗೆ ಹೊರಟರೆ ಅಲ್ಲಿ ಓಟ, ನೆಗೆತ, ಕಲ್ಲೆಸೆತಗಳು ಇದ್ದರೂ ಎಲ್ಲರ ದೃಷ್ಟಿ ಇರುವುದು ಮರದ ಮೇಲಿನ ಕಾಯಿಯ ಕಡೆಗೆ. ಕೇಪಿನ ಕೋವಿಯ ಕಾಲದಲ್ಲಿ ಅದನ್ನು ಹೊಡೆಯುವುದು ಎಷ್ಟು ಕಷ್ಟವಾಗಿದ್ದಿತೆಂಬುದನ್ನು ತೋಟಾ ಕೋವಿಯ ಕಾಲದವರು ಸುಲಭವಾಗಿ ಊಹಿಸಲಾರರು. ಮದ್ದನ್ನು ಅಳೆದು ನಳಿಗೆಗೆ ಸುರಿದು, ನಾರಿನ ಉಂಡೆಯನ್ನು ಗಜದಿಂದ ಹದವಾಗಿ ಜಡಿದು, ಮೇಲೆ ಗುಂಡನ್ನಿಳಿಸಿ, ಅದು ಹೊರಳಿ ಬೀಳದಂತೆ ಮತ್ತೊಂದು ಉಂಡೆಯನ್ನು ತುರುಕಿ, ಕೊನೆಗೆ ಕೇಪನ್ನಿರಿಸಿ ಕುದುರೆಯನ್ನೆತ್ತುವಷ್ಟರಲ್ಲಿ ಹುಡುಗನ ಅಂಗೈ ಬೆವರಿರುತ್ತಿತ್ತು. ಜಡಿದುದು ಹೆಚ್ಚಾದರೆ ಹೆಗಲು ನೋಯುವುದು, ಕಡಿಮೆಯಾದರೆ ಗುಂಡು ದಾರಿಯಲ್ಲೇ ಇಳಿಯುವುದು, ಸೆಪ್ಟೆಂಬರಿನ ತೇವ ತಗಲಿದ್ದರೆ ಕೇಪು ಟಪ್ಪೆಂದು ಸದ್ದು ಮಾಡಿ ಸುಮ್ಮನಾಗುವುದು. ಕುದುರೆ ಬೀಳುವುದಕ್ಕೂ ಮದ್ದು ಹೊತ್ತುವುದಕ್ಕೂ ನಡುವೆ ಒಂದು ಎವೆಯಿಕ್ಕುವಷ್ಟು ಹೊತ್ತು ಉಂಟಷ್ಟೆ. ಆ ಹೊತ್ತಿನಲ್ಲಿ ಕಣ್ಣು ಮುಚ್ಚದೆ ಹೆಗಲು ಅದುರಿಸದೆ ನಿಲ್ಲುವವನು ಗುರಿಕಾರ, ಉಳಿದವರೆಲ್ಲ ಕೋವಿ ಹಿಡಿದವರು. ಕಾಯಿಯ ಸಿಪ್ಪೆಯನ್ನು ಸವರಿಕೊಂಡು ಹೋದ ಗುಂಡು ಲೆಕ್ಕಕ್ಕಿಲ್ಲ. ಚಿಪ್ಪು ಒಡೆದು ನೀರು ಚಿಮ್ಮಿದರೆ ಮಾತ್ರ ಬಯಲೆಲ್ಲ ಕೂಗುವುದು.

ಇಂಥ ಆಟವು ಸಾಮ್ರಾಜ್ಯಗಳ ಉರುಳಾಟದಲ್ಲಿ ಅಳಿಯದೆ ಉಳಿದುದಕ್ಕೆ ಭೂಮಿಯ ಮತ್ತು ಕಾನೂನಿನ ಕಾರಣಗಳೂ ಉಂಟು. ಹಾಲೇರಿ ಅರಸರ ಕಾಲದಲ್ಲಿ ವಂಶಪಾರಂಪರ್ಯದ ಜಮ್ಮಾ ಭೂಮಿಯನ್ನು ಅನುಭವಿಸುತ್ತಿದ್ದ ಒಕ್ಕಗಳು ಸಾಗು ಎಂಬ ಸಾಮಾನ್ಯ ಜಮೀನಿನ ಕಂದಾಯದ ಅರ್ಧದಷ್ಟನ್ನೇ ಕೊಟ್ಟು, ಉಳಿದ ಋಣವನ್ನು ಅರಸನು ಕರೆದಾಗ ಆಯುಧಸಹಿತರಾಗಿ ಹೋಗಿ ತೀರಿಸಬೇಕಾಗಿದ್ದಿತು. ಆದುದರಿಂದ ಹುಡುಗರಿಗೆ ಗುರಿ ಕಲಿಸುವುದು ಜಮೀನನ್ನು ಉಳಿಸಿಕೊಳ್ಳುವ ದಾರಿಯೂ ಆಗಿದ್ದಿತು. 1834ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ ಕೊಡಗು ಈಸ್ಟ್ ಇಂಡಿಯಾ ಕಂಪೆನಿಯ ವಶವಾದಾಗ ಈ ಏರ್ಪಾಡು ಮುರಿದುಬೀಳಬಹುದಾಗಿತ್ತು. ಹಾಗಾಗಲಿಲ್ಲ. ಸಿಪಾಯಿ ದಂಗೆಯ ಭಯದಿಂದ ಸರಕಾರವು ದೇಶದ ಜನರ ಕೈಯಿಂದ ಆಯುಧಗಳನ್ನು ಕಸಿದುಕೊಳ್ಳುತ್ತಿದ್ದ ಕಾಲದಲ್ಲಿ, 1861ರಲ್ಲಿ, ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನು ಕೊಡಗರ ನಿಷ್ಠೆಯನ್ನೂ ನಿರ್ಭೀತಿಯನ್ನೂ ಹೊಗಳಿ, ನಿರಾಯುಧೀಕರಣದ ಶಾಸನವು ಅವರಿಗೆ ಅನ್ವಯಿಸದೆಂದು ಪ್ರಕಟಿಸಿದನು. ಹೊಗಳಿಕೆಯ ಹಿಂದೆ ಲೆಕ್ಕಾಚಾರವಿರಲಿಲ್ಲವೆಂದು ಹೇಳುವಷ್ಟು ಮುಗ್ಧತೆ ನಮಗೆ ಬೇಡ. 1837ರ ಕಲ್ಯಾಣಪ್ಪನ ದಂಗೆಯಲ್ಲಿ ಬ್ರಿಟಿಷರ ಪಕ್ಷದಲ್ಲಿ ನಿಂತವರಿಗೆ ಪದಕಗಳನ್ನು ಹಂಚಿದ ಸರಕಾರವೇ ಈ ರಿಯಾಯಿತಿಯನ್ನೂ ಕೊಟ್ಟಿತು. 1878ರ ಶಸ್ತ್ರಾಸ್ತ್ರ ಕಾಯಿದೆಯೂ ಸ್ವತಂತ್ರ ಭಾರತದ 1959ರ ಕಾಯಿದೆಯೂ ಬಂದ ಮೇಲೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಮುಂದುವರಿಯಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ವಜಾ ಮಾಡಿತು. ಕೇಂದ್ರ ಸರಕಾರವು 2019ರಲ್ಲಿ ವಿಸ್ತರಿಸಿದ ಅವಧಿ 2029ರವರೆಗೆ ಇದೆ.

ಕೋವಿ ಉಳಿಯಿತು, ಆದರೆ ಅದರ ಕೆಲಸಗಳು ಒಂದೊಂದಾಗಿ ಕಳಚಿಕೊಂಡವು. ಅರಸನ ಕರೆ 1834ಕ್ಕೇ ನಿಂತಿತು. ಹುಲಿಯನ್ನು ಕೊಂದವನನ್ನು ಸತ್ತ ಹುಲಿಯ ಪಕ್ಕದಲ್ಲಿ ಮದುಮಗನಂತೆ ಕುಳ್ಳಿರಿಸಿ, ಅಕ್ಕಿ ತಳಿದು ಕಾಣಿಕೆಯಿತ್ತು ಗೌರವಿಸುತ್ತಿದ್ದ ನರಿಮಂಗಲವು ಕಥೆಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ, ಹಬ್ಬದ ಬೆನ್ನಿಗೇ ಗುಂಪುಕಟ್ಟಿ ಕಾಡಿಗೆ ನುಗ್ಗುವ ಬೇಟೆಗೂ ಕೊನೆಯಾಯಿತು. ಆಗಬೇಕಾದುದೇ ಆಯಿತೆಂದು ನನ್ನ ಅಭಿಪ್ರಾಯ. ಯುದ್ಧವೂ ಬೇಟೆಯೂ ಹೋದ ಮೇಲೆ ಹುಡುಗನ ಕೋವಿಗೆ ಉಳಿದ ಏಕೈಕ ಗುರಿಯೆಂದರೆ ತೆಂಗಿನಕಾಯಿ. ಹಬ್ಬದ ಕೊನೆಯ ವಿನೋದವಾಗಿದ್ದುದು ಹೀಗೆ ಸದ್ದಿಲ್ಲದೆ ಇಡೀ ವಿದ್ಯೆಗೆ ಆಶ್ರಯವಾಯಿತು.

ಇಷ್ಟಾಗಿಯೂ ಕೊಡಗಿನ ಹೆಸರು ಜಗತ್ತಿನ ಕ್ರೀಡಾಂಗಣದಲ್ಲಿ ಮೊಳಗಿದುದು ಹಾಕಿಯ ಕೋಲಿನಿಂದಲೇ ಹೊರತು ಕೋವಿಯಿಂದಲ್ಲವೆಂಬುದು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರುವುದು. ದೇಶದಲ್ಲಿ ಗುರಿಯ ಕ್ರೀಡೆ ಬೆಳೆಯದೆ ಇರಲಿಲ್ಲ: ರಾಷ್ಟ್ರೀಯ ರೈಫಲ್ ಸಂಸ್ಥೆ 1951ರಲ್ಲಿ ಸ್ಥಾಪನೆಗೊಂಡಿತು. 1962ರಲ್ಲಿ ಕೈರೋದ ವಿಶ್ವ ಪಂದ್ಯದಲ್ಲಿ ಬಿಕಾನೇರಿನ ಕರ್ಣಿ ಸಿಂಗರು ಬೆಳ್ಳಿಯನ್ನು ಗೆದ್ದರು. ಹದಿನೇಳರ ಹರೆಯದಲ್ಲಿ ಸಿಡ್ನಿ ಒಲಿಂಪಿಕ್ಸಿಗೆ ಹೋದ ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನವನ್ನು ತಂದರು. ಬೆಂಗಳೂರಿನ ಹದಿನೈದರ ಬಾಲೆ ತಿಲೋತ್ತಮಾ ಸೇನ್ 2023ರಲ್ಲಿ ಚಾಂಗ್‌ವಾನ್‌ನ ಏಷ್ಯನ್ ಪಂದ್ಯದಲ್ಲಿ ಬೆಳ್ಳಿಯೊಂದಿಗೆ ಪ್ಯಾರಿಸ್ ಒಲಿಂಪಿಕ್ಸಿಗೆ ದೇಶಕ್ಕೊಂದು ಸ್ಥಾನವನ್ನೂ ಗಳಿಸಿದಳು. ಆದರೆ ಈ ಕ್ರೀಡೆಯೂ ಮಂದಿನ ಪಂದ್ಯವೂ ಒಂದೇ ಆಟವಲ್ಲ. ಏರ್ ರೈಫಲಿನ ಸ್ಪರ್ಧಾಳು ಹತ್ತು ಮೀಟರು ದೂರದಲ್ಲಿ ಅರ್ಧ ಮಿಲಿಮೀಟರಿನ ಚುಕ್ಕೆಯನ್ನು ಒಂದೂಕಾಲು ಗಂಟೆಯೊಳಗೆ 60 ಸಲ ಹುಡುಕಬೇಕು. ದಪ್ಪನೆಯ ಅಂಗಿಯನ್ನು ಬಿಗಿದುಕೊಂಡು, ಯಾರೊಡನೆಯೂ ಮಾತಿಲ್ಲದೆ, ಒಂದೇ ಉಸಿರನ್ನು ಅರುವತ್ತು ಬಾರಿ ಮರಳಿ ಮರಳಿ ಹಿಡಿಯಬೇಕು. ಮಂದಿನಲ್ಲಿಯಾದರೋ ಹುಡುಗನಿಗೆ ದೊರೆಯುವುದು ಕೆಲವೇ ಈಡುಗಳು. ಸುತ್ತಲೂ ಅಣ್ಣತಮ್ಮಂದಿರ ಗದ್ದಲ, ಗೆದ್ದರೆ ಒಕ್ಕದ ಹೆಸರು, ತಪ್ಪಿದರೆ ಬರುವ ವರ್ಷದವರೆಗೂ ಚೇಷ್ಟೆ. ಮಂದಿನದು ಜನರ ನಡುವೆ ನಿಲ್ಲುವುದನ್ನು ಕಲಿಸುವ ಆಟ, ಏರ್ ರೈಫಲಿನದು ಏಕಾಂತದಲ್ಲಿ ನಿಲ್ಲುವುದನ್ನು ಕಲಿಸುವ ಆಟ. ಅಲ್ಲದೆ, ದುಬಾರಿಯಾದ ರೈಫಲನ್ನೂ ದಿನವಹಿ ಅಭ್ಯಾಸದ ಅಂಗಣವನ್ನೂ ಕಾಫಿತೋಟದ ನಡುವಿನ ಹಳ್ಳಿಯಲ್ಲಿ ಒದಗಿಸುವುದು ಸುಲಭವಲ್ಲ. ಹಾಕಿಗೆ ಕೋಲೊಂದು ಸಮತಟ್ಟಾದ ಬಯಲೊಂದು ಸಾಕು.

ಇತ್ತೀಚಿನ ವರ್ಷಗಳಲ್ಲಿ ತೆಂಗಿನಕಾಯಿಯ ಪಂದ್ಯಗಳಿಗೂ ಪ್ರವೇಶಶುಲ್ಕ, ನಗದು ಬಹುಮಾನ, ತೀರ್ಪುಗಾರರು ಬಂದಿದ್ದಾರೆ. ಹನ್ನೆರಡು ಬೋರಿನ ಕೋವಿಗೂ ಪಾಯಿಂಟ್ ಟೂ ಟೂ ರೈಫಲಿಗೂ ಬೇರೆ ಬೇರೆ ವಿಭಾಗಗಳಾಗಿವೆ. ಹರಳುಗಿಡದ ಬಿಲ್ಲು ಗಂಡುಮಗುವಿಗೆ ಮಾತ್ರ ಸಲ್ಲುತ್ತಿದ್ದ ಆ ನಾಡಿನಲ್ಲಿ ಹೆಣ್ಣುಮಕ್ಕಳೂ ಈಗ ಸೆರಗನ್ನು ಬಿಗಿದುಕೊಂಡು ಸರದಿಯಲ್ಲಿ ನಿಲ್ಲುತ್ತಾರೆ, ಕಾಯಿ ಒಡೆದರೆ ಅವರಿಗೂ ಅದೇ ಕೂಗು ಸಲ್ಲುತ್ತದೆ. ಇದಕ್ಕಾಗಿ ಯಾವ ಅಧಿಸೂಚನೆಯೂ ಬೇಕಾಗಲಿಲ್ಲ.