ಕೂರಿಗೆ: ಬಡಗಿ, ಕಮ್ಮಾರರ ಕೈಯಲ್ಲಿದ್ದ ಹೊಲದ ಅಳತೆ

ಸಾಲು ಹಿಡಿದು ಬೀಜ ಬಿತ್ತಲು ಎತ್ತುಗಳಿಂದ ಎಳೆಸುವ ಮರದ ಸಾಧನವೇ ಕೂರಿಗೆ. ತುಂಗಭದ್ರಾ ತೀರದ ಹೊನ್ನಾಳಿ-ನ್ಯಾಮತಿ ಸೀಮೆಯ ಗೋವಿನಕೋವಿಯಂತಹ ಗ್ರಾಮಗಳೂ ಸೇರಿದಂತೆ, ಕರ್ನಾಟಕದ ಬಯಲು ನಾಡಿನ ಮಳೆಯಾಶ್ರಿತ ಬೇಸಾಯ ಶತಮಾನಗಳ ಕಾಲ ಇದನ್ನೇ ನೆಚ್ಚಿಕೊಂಡಿತ್ತು.

ಮರದ ದಿಂಡಿಗೆ ನಿಶ್ಚಿತ ಅಂತರದಲ್ಲಿ ತಾಳುಗಳನ್ನು ಕೂರಿಸಿ, ಪ್ರತಿ ತಾಳಿನಿಂದ ಮೇಲೇರುವ ಬಿದಿರಿನ ಕೊಳವೆಯನ್ನು ಬಟ್ಟಲಿನ ತಳದ ರಂಧ್ರಕ್ಕೆ ಜೋಡಿಸಲಾಗುತ್ತದೆ. ಹಿಂದೆ ನಡೆಯುವವರು, ಹೆಚ್ಚಾಗಿ ಹೆಂಗಸರು, ಬಟ್ಟಲಿಗೆ ಬೀಜವನ್ನು ಒಂದೇ ಸಮನೆ ಬಿಡುತ್ತಾರೆ. ಕೈ ತಡೆದರೆ ಸಾಲು ಬರಿದಾಗುತ್ತದೆ. ಹಿಡಿತ ಸಡಿಲಿದರೆ ಪೈರು ಒತ್ತಾಗುತ್ತದೆ.

ತಾಳುಗಳ ನಡುವಿನ ಅಂತರವೇ ಮುಂದಿನ ಕೆಲಸವನ್ನು ನಿರ್ಧರಿಸುತ್ತದೆ. ಕಳೆ ತೆಗೆಯುವ ಎಡೆಕುಂಟೆಯ ಅಲಗು ಆ ಅಂತರಕ್ಕೆ ಹೊಂದಿರಬೇಕು. ಅಲಗು ಅಗಲವಾದರೆ ಪೈರಿಗೆ ಪೆಟ್ಟು, ಕಿರಿದಾದರೆ ಕಳೆ ಉಳಿಯುತ್ತದೆ. ಆದುದರಿಂದ ದಿಂಡು ಕೊರೆಯುವ ಬಡಗಿಯೂ ಕುಲುಮೆಯಲ್ಲಿ ಅಲಗು ಬಡಿಯುವ ಕಮ್ಮಾರನೂ ಒಂದೇ ಅಳತೆಯನ್ನು ಬಲ್ಲವರಾಗಿರಬೇಕಿತ್ತು. ಬೆಳೆ ಬದಲಾದರೆ ಅಳತೆಯೂ ಬದಲಾಗುತ್ತಿತ್ತು.

ಈ ಕೆಲಸಕ್ಕೆ ಪ್ರತಿಫಲವಾಗಿ ದೊರೆಯುತ್ತಿದ್ದುದು 'ಆಯ'. ವರ್ಷವಿಡೀ ನೇಗಿಲು, ಕುಂಟೆ, ಕೂರಿಗೆಗಳನ್ನು ಸರಿಪಡಿಸುತ್ತಿದ್ದ ಕುಶಲಕರ್ಮಿಗಳಿಗೆ ಸುಗ್ಗಿಯಲ್ಲಿ ಕಣದಿಂದಲೇ ಧಾನ್ಯ ಸಲ್ಲುತ್ತಿತ್ತು. ಮಳೆ ಕೈಕೊಟ್ಟರೆ ರೈತನೊಂದಿಗೆ ಅವರ ಪಾಲೂ ಕುಗ್ಗುತ್ತಿತ್ತು. ಈ ವ್ಯವಸ್ಥೆ ಜಾತಿಯ ಮೇಲುಕೀಳಿನಿಂದ ಮುಕ್ತವಾಗಿರಲಿಲ್ಲ. ಮಿಣಿ, ಬಾರುಕೋಲುಗಳನ್ನು ಒದಗಿಸುತ್ತಿದ್ದ ಚರ್ಮದ ಕೆಲಸದವರು ಕಣದ ಪಾಲು ಪಡೆದರೂ ಸಮಾನ ಗೌರವ ಪಡೆಯಲಿಲ್ಲ.

ಇಂಗ್ಲೆಂಡಿನಲ್ಲಿ ಜೆಥ್ರೊ ಟಲ್ 1701ರಲ್ಲಿ ಬಿತ್ತನೆ ಯಂತ್ರ ರೂಪಿಸಿದ್ದು ಕೃಷಿಚರಿತ್ರೆಯ ಮೈಲಿಗಲ್ಲೆನಿಸಿದೆ. ಆದರೆ 1790ರ ದಶಕದಲ್ಲಿ ದಕ್ಷಿಣ ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿ ಥಾಮಸ್ ಹಾಲ್ಕಾಟ್, ಇಲ್ಲಿನ ರೈತರು ಸಾಲುಬಿತ್ತನೆಯ ಸಾಧನವನ್ನು ಮೊದಲಿನಿಂದಲೂ ಬಳಸುತ್ತಿರುವುದನ್ನು ಕಂಡು ಇಂಗ್ಲೆಂಡಿಗೆ ವರದಿ ಮಾಡಿದನು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಕೂಡ ಕೂರಿಗೆಯನ್ನು ದಾಖಲಿಸಿದ್ದಾನೆ.

ಹೊನ್ನಾಳಿ ಸೀಮೆ 1997ರಲ್ಲಿ ಶಿವಮೊಗ್ಗದಿಂದ ದಾವಣಗೆರೆ ಜಿಲ್ಲೆಗೆ ಸೇರಿತು. ಇಂದು ಆ ಜಿಲ್ಲೆ ಮೆಕ್ಕೆಜೋಳಕ್ಕೆ ಹೆಸರಾಗಿದೆ. ಟ್ರ್ಯಾಕ್ಟರಿಗೆ ಜೋಡಿಸುವ ಕಬ್ಬಿಣದ ಬಿತ್ತನೆ ಯಂತ್ರವನ್ನೂ ರೈತರು ಕೂರಿಗೆ ಎಂದೇ ಕರೆಯುತ್ತಾರೆ. ಹೆಸರು ಉಳಿದಿದೆ, ಅಳತೆ ಮಾತ್ರ ಊರಿನ ಬಡಗಿಯ ಕೈಯಿಂದ ಕಾರ್ಖಾನೆಗೆ ಹೋಗಿದೆ. ಹಳೆಯ ಕೂರಿಗೆಗಳನ್ನು ವಸ್ತುಸಂಗ್ರಹಾಲಯದಲ್ಲಿ ಇರಿಸಬಹುದು. ಆದರೆ ಯಾವ ಬೆಳೆಗೆ ಎಷ್ಟು ಅಂತರವೆಂಬ ಲೆಕ್ಕವನ್ನು ಬಲ್ಲ ಹಿರಿಯರಿಂದ ಈಗಲೇ ಕೇಳಿ ಬರೆದಿಡದಿದ್ದರೆ ಅದು ಅವರೊಂದಿಗೇ ಮರೆಯಾಗುತ್ತದೆ.