ತೋಳಿನ ಕಲೆಯೂ ದೇಹದ ನೆನಪೂ

ಕೂಡ್ಲಿಗಿ, ಹರಪನಹಳ್ಳಿ ಸೀಮೆಯಲ್ಲಿ ಅರವತ್ತು ದಾಟಿದವರ ತೋಳಿನ ಮೇಲೆ ಒಂದೆರಡು ದುಂಡನೆಯ ಕಲೆಗಳು ಕಾಣಬರುವುವು. ಬಾಲ್ಯದಲ್ಲಿ ಸಿಡುಬಿನ ನಿವಾರಣೆಗಾಗಿ ಮೈಲಿ ಹಾಕಿಸಿಕೊಂಡುದರ ಗುರುತುಗಳವು. ಈ ಲೇಖಕನಿಗೂ ಇವೆ. ಜೆನ್ನರನು ೧೭೯೬ರಲ್ಲಿ ಪರೀಕ್ಷಿಸಿದ ಈ ವಿದ್ಯೆಯು ೧೮೦೨ರಲ್ಲಿ ಮುಂಬಯಿಗೆ ಬಂದಿತು. ೧೮೦೬ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರೇ ಅದನ್ನು ಹಾಕಿಸಿಕೊಂಡುದರಿಂದ ಪ್ರಜೆಗಳ ಅಂಜಿಕೆ ತಗ್ಗಿತು. ೧೯೭೫ರ ತರುವಾಯ ಭರತಖಂಡದಲ್ಲಿ ಸಿಡುಬು ತಲೆದೋರಲಿಲ್ಲ. ೧೯೮೦ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು.

ರೋಗವೇ ಹೋದ ಮೇಲೆ ದೇಹವು ಕಲಿತ ಪಾಠವನ್ನು ಮರೆಯಿತೇ? ಮತ್ತೆ ಬಂದು ನೆನಪಿಸಲು ರೋಗವೇ ಇಲ್ಲದುದರಿಂದ ಇದಕ್ಕಿಂತ ಶುದ್ಧವಾದ ಪರೀಕ್ಷೆ ದೊರೆಯದು. ೨೦೦೩ರಲ್ಲಿ ಅಮೆರಿಕೆಯ ಪಂಡಿತರು ಪರಿಶೀಲಿಸಿದಾಗ, ೭೫ ವರ್ಷಗಳ ಹಿಂದೆ ಹಾಕಿಸಿಕೊಂಡವರ ರಕ್ತದಲ್ಲಿಯೂ ಪ್ರತಿಕಾಯಗಳು ಹೆಚ್ಚು ಕುಂದದೆ ಉಳಿದಿದ್ದುವು. ಟಿ ಕಣಗಳ ಬಲವು ಮಾತ್ರ ೮ರಿಂದ ೧೫ ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತಿದ್ದಿತು.

ರಕ್ತದ ಬಿಳಿಯ ಕಣಗಳೆಲ್ಲವೂ ದೀರ್ಘಾಯುಗಳಲ್ಲ. ಹಲವು ಒಂದೆರಡು ದಿನಗಳಲ್ಲಿಯೇ ಅಳಿಯುವುವು. ಪ್ರತಿಕಾಯಗಳನ್ನು ಸ್ರವಿಸುವ ಕೆಲವು ಕಣಗಳಾದರೋ ಎಲುಬಿನ ಮಜ್ಜೆಯಲ್ಲಿ ದಶಕಗಳ ಕಾಲ ಬಾಳುವುವು. ಸ್ಮೃತಿಕಣಗಳ ರೀತಿ ಬೇರೆ. ಅವು ಒಂದೊಂದಾಗಿ ಸಾಯುತ್ತಿದ್ದರೂ, ಅದಕ್ಕೆ ಮೊದಲೇ ಇಬ್ಭಾಗವಾಗಿ ತಾವು ಕಲಿತುದನ್ನು ಸಂತತಿಗೆ ಒಪ್ಪಿಸುವುವು. ವೇದಪಾಠದ ಮನೆಗಳಲ್ಲಿ ಬೆಳೆದವರಿಗೆ ಇದು ಹೊಸದಾಗಿ ತೋರಲಾರದು. ಗುರುಗಳು ಗತಿಸಿದರೂ ಸಂಥೆ ನಡೆದೇ ಇರುತ್ತದೆ.

೧೯೮೦ರ ಈಚೆಗೆ ಹುಟ್ಟಿದ ನಮ್ಮ ಮಕ್ಕಳಿಗೆ ಈ ಪಾಠವೇ ಆಗಿಲ್ಲ. ಅವರ ಎಡತೋಳಿನಲ್ಲಿರುವ ಕಲೆಯು ಕ್ಷಯದ ಬಿ.ಸಿ.ಜಿ. ಚುಚ್ಚುಮದ್ದಿನದು.