ಹಬೆ ಮನೆಯ ಸೊಪ್ಪಿನ ಕಟ್ಟು

ಸೊಪ್ಪಿನ ಕಟ್ಟು ಹಿಡಿದು ಮನುಷ್ಯನ ಮೈಗೆ ಬಡಿಯುವುದನ್ನು ಕಂಡರೆ ನಮ್ಮ ಕಡೆಯವರಿಗೆ ಮೊದಲು ಹೊಳೆಯುವುದು ಒಂದೇ: ಯಾರಿಗೋ ದೆವ್ವ ಹಿಡಿದಿದೆ, ಬೇವಿನ ಸೊಪ್ಪಿನಲ್ಲಿ ಇಳಿಸುತ್ತಿದ್ದಾರೆ. ಬಾಲ್ಟಿಕ್ ಸಮುದ್ರದ ಕಡೆಯ ಹಬೆ ಸ್ನಾನದ ಹಬ್ಬವೊಂದರ ವಿಡಿಯೊ ನಮ್ಮ ಬಳಗದ ಗುಂಪಿಗೆ ಬಂದಾಗ ನಮ್ಮಲ್ಲೂ ಅದೇ ಮಾತು ಎದ್ದಿತು. ಹಲಗೆಯ ಮೇಲೆ ಒಬ್ಬ ಬೋರಲು ಮಲಗಿದ್ದಾನೆ. ಹೆಂಗಸೊಬ್ಬಳು ಎರಡೂ ಕೈಯಲ್ಲಿ ಎಲೆಯ ಕಟ್ಟು ಹಿಡಿದು ಅವನ ಕಾಲಿನಿಂದ ಬೆನ್ನಿನವರೆಗೆ ತಟ್ಟುತ್ತಾ ಬರುತ್ತಿದ್ದಾಳೆ. ಪಕ್ಕದಲ್ಲಿ ತೀರ್ಪುಗಾರರು ಬೆವರು ಸುರಿಸುತ್ತಾ ಕೂತಿದ್ದಾರೆ. 'ಇದಕ್ಕೂ ಬಹುಮಾನವಾ?' ಎಂದು ಒಬ್ಬರು ಕೇಳಿದರು. ನಕ್ಕೆವು. ಆಮೇಲೆ ಇದರ ಚರಿತ್ರೆ ಹುಡುಕಿಕೊಂಡು ಓದತೊಡಗಿದೆವು. ನಗು ಕಡಿಮೆಯಾಯಿತು.

ನಾವು ನಕ್ಕದ್ದು ಹೊಸದೇನಲ್ಲ. ಸುಮಾರು 900 ವರ್ಷಗಳ ಹಿಂದೆ, 12ನೇ ಶತಮಾನದ ಆರಂಭದಲ್ಲಿ, ಕೀವ್ ನಗರದಲ್ಲಿ ಒಂದು ಪುರಾತನ ವೃತ್ತಾಂತ ಸಿದ್ಧವಾಯಿತು. ಅದರಲ್ಲಿ ಏಸುವಿನ ಶಿಷ್ಯ ಆಂಡ್ರೂ ಉತ್ತರದ ನವ್ಗೊರೋದ್ ನಾಡಿಗೆ ಹೋಗಿಬಂದ ಕಥೆಯಿದೆ. ಆ ಜನ ಮರದ ಸ್ನಾನದ ಮನೆಯನ್ನು ಕೆಂಪಗೆ ಕಾಯಿಸುತ್ತಾರಂತೆ, ಬಟ್ಟೆ ಕಳಚಿ ಎಳೆಯ ರೆಂಬೆಗಳಿಂದ ತಮ್ಮನ್ನು ತಾವೇ ಹೊಡೆದುಕೊಳ್ಳುತ್ತಾರಂತೆ, ಅರೆಜೀವವಾಗಿ ಹೊರಗೆ ಬಂದು ತಣ್ಣೀರು ಸುರಿದುಕೊಂಡು ಮತ್ತೆ ಜೀವ ತುಂಬಿಕೊಳ್ಳುತ್ತಾರಂತೆ. ಯಾರೂ ಹಿಂಸೆ ಕೊಡದಿದ್ದರೂ ತಮಗೆ ತಾವೇ ಕೊಟ್ಟುಕೊಳ್ಳುವವರು ಎಂದು ಆಂಡ್ರೂ ರೋಮ್‌ನಲ್ಲಿ ವರ್ಣಿಸಿದನೆಂದು ಬರೆದಿದೆ. ದಕ್ಷಿಣದ ಕೀವ್‌ನವರು ಉತ್ತರದವರನ್ನು ಗೇಲಿ ಮಾಡಿದ ಹಾಗಿದೆ ಇದು. ಆದರೆ ಆ ಗೇಲಿಯಿಂದಲೇ ನಮಗೆ ಒಂದು ವಿಷಯ ತಿಳಿಯುತ್ತದೆ: ಅಷ್ಟು ಹೊತ್ತಿಗಾಗಲೇ ಹಬೆ ಮನೆಯೂ ಸೊಪ್ಪಿನ ಕಟ್ಟೂ ಉತ್ತರದವರ ಗುರುತಾಗಿದ್ದವು.

ಹಬೆ ಮನೆ ಎಂದರೆ ಏನು? ಹಳೆಯ ಬಗೆ ಹೊಗೆಯ ಸೌನಾ. ಅದಕ್ಕೆ ಹೊಗೆಗೂಡು ಇರುವುದಿಲ್ಲ. ಮರದ ದಿಮ್ಮಿಗಳ ಪುಟ್ಟ ಮನೆ, ಒಳಗೆ ಕಲ್ಲು ಪೇರಿಸಿದ ಒಲೆ. ಗಂಟೆಗಟ್ಟಲೆ ಸೌದೆ ಉರಿಸುತ್ತಾರೆ, ಹೊಗೆಯೆಲ್ಲ ಕೋಣೆಯೊಳಗೇ ತುಂಬುತ್ತದೆ. ಕಲ್ಲು ಚೆನ್ನಾಗಿ ಕಾದ ಮೇಲೆ ಬೆಂಕಿ ಆರಲು ಬಿಟ್ಟು, ಹೊಗೆಯನ್ನು ಹೊರಗೆ ಬಿಡುತ್ತಾರೆ. ಗೋಡೆಯೆಲ್ಲ ಮಸಿ. ಆಮೇಲೆ ಮನೆಯವರು ಒಳಗೆ ಹೋಗಿ ಎತ್ತರದ ಹಲಗೆಯ ಮೇಲೆ ಕೂತು ಕಲ್ಲಿಗೆ ನೀರು ಎರಚುತ್ತಾರೆ. ಏಳುವ ಹಬೆಗೆ ಫಿನ್ಲೆಂಡ್‌ನವರು 'ಲೊಯ್ಲು' ಎನ್ನುತ್ತಾರೆ. ಈ ಪದಕ್ಕೆ ಹಿಂದೆ ಉಸಿರು, ಪ್ರಾಣ ಎಂಬ ಅರ್ಥವಿತ್ತು. ದೂರದ ನಂಟಿನ ಹಂಗೇರಿ ಭಾಷೆಯಲ್ಲಿ ಇದರ ಸೋದರ ಪದಕ್ಕೆ ಇಂದಿಗೂ ಆತ್ಮ ಎಂದೇ ಅರ್ಥ.

ಎಸ್ಟೋನಿಯಾದ ದಕ್ಷಿಣದಲ್ಲಿ ವೋರುಮಾ ಎಂಬ ಸೀಮೆಯಿದೆ. ಅಲ್ಲಿ ಶನಿವಾರ ಹೊಗೆ ಸೌನಾ ಕಾಯಿಸುವ ರೂಢಿ ಇನ್ನೂ ಉಳಿದಿದೆ. ಅದೇ ಮನೆಯಲ್ಲಿ ಮಾಂಸಕ್ಕೂ ಹೊಗೆ ಹಿಡಿಸುತ್ತಾರೆ. ಯುನೆಸ್ಕೊ 2014ರಲ್ಲಿ ಈ ರೂಢಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಫಿನ್ಲೆಂಡ್‌ನ ಸೌನಾ 2020ರಲ್ಲಿ ಸೇರಿತು. ಅಲ್ಲಿನ ಜನಸಂಖ್ಯೆ ಸುಮಾರು 55 ಲಕ್ಷ, ಸೌನಾಗಳು 30 ಲಕ್ಷಕ್ಕೂ ಹೆಚ್ಚು. ಮನೆಗೊಂದು ಬಚ್ಚಲು ಇದ್ದ ಹಾಗೆ ಎನ್ನಿ.

ಬರೀ ಮೈ ತೊಳೆಯುವ ಜಾಗವೂ ಅಲ್ಲ ಅದು. 20ನೇ ಶತಮಾನ ಸಾಕಷ್ಟು ಮುಂದೆ ಸಾಗುವವರೆಗೂ ಹಳ್ಳಿಯ ಹೆಂಗಸರು ಸೌನಾದಲ್ಲೇ ಹೆರುತ್ತಿದ್ದರು. ಬೆಚ್ಚಗಿರುತ್ತದೆ, ಬಿಸಿನೀರು ಕೈಗೆ ಸಿಗುತ್ತದೆ, ಗಂಡಸರ ಕಣ್ಣು ತಪ್ಪುತ್ತದೆ. ಸತ್ತವರನ್ನು ತೊಳೆಯುತ್ತಿದ್ದದ್ದೂ ಅಲ್ಲಿಯೇ. ಎಲಿಯಾಸ್ ಲನ್ರೂತ್ ಜನರ ಬಾಯಿಂದ ಸಂಗ್ರಹಿಸಿ 1835ರಲ್ಲಿ ಪ್ರಕಟಿಸಿ, 1849ರಲ್ಲಿ ಹಿಗ್ಗಿಸಿದ 'ಕಾಲೇವಾಲಾ' ಕಾವ್ಯದ ಕೊನೆಯ ಭಾಗದಲ್ಲಿ ಮಾರ್ಯಾತ್ತಾ ಎಂಬ ಹುಡುಗಿ ಬರುತ್ತಾಳೆ. ಮದುವೆಯಾಗದೆ ಬಸುರಾದವಳು. ಹೆರಿಗೆ ನೋವು ಬಂದಾಗ ಅವಳು ಬೇಡುವುದು ಅನ್ನವನ್ನಲ್ಲ, ಹಾಸಿಗೆಯನ್ನಲ್ಲ, ಸೌನಾ ಮನೆಯನ್ನು. ಯಾರೂ ಕೊಡುವುದಿಲ್ಲ. ಕೊನೆಗೆ ಕುದುರೆ ಲಾಯಕ್ಕೆ ಹೋಗಿ, ಹಬೆಯ ಬದಲು ಉಸಿರಾದರೂ ಬಿಡು ಎಂದು ಕುದುರೆಯನ್ನು ಬೇಡಿಕೊಂಡು ಹೆರುತ್ತಾಳೆ. ಊರು ಒಬ್ಬಳನ್ನು ಹೊರಗೆ ಹಾಕಿತು ಎಂದು ಹೇಳಲು ಆ ಹಾಡುಗಾರರು ಆರಿಸಿಕೊಂಡದ್ದು ಸೌನಾದ ಬಾಗಿಲನ್ನು. ನಮ್ಮೂರುಗಳ ಕಥೆಯಲ್ಲಾದರೆ ಅದು ಬಾವಿಯ ನೀರಾಗಿರುತ್ತಿತ್ತೇನೋ.

ಈಗ ಸೊಪ್ಪಿನ ಕಟ್ಟಿಗೆ ಬರೋಣ. ಪಶ್ಚಿಮ ಫಿನ್ಲೆಂಡ್‌ನಲ್ಲಿ ಇದು ವಿಹ್ತಾ, ಪೂರ್ವದಲ್ಲಿ ವಾಸ್ತಾ. ಯಾವ ಹೆಸರು ಸರಿ ಎಂದು ಇಂದಿಗೂ ಹುಸಿಜಗಳ ನಡೆಯುತ್ತದೆ. ಲಿಥುವೇನಿಯಾದಲ್ಲಿ ವಾಂತಾ, ರಷ್ಯಾದಲ್ಲಿ ವೇನಿಕ್. ಹೆಚ್ಚಾಗಿ ಬರ್ಚ್ ಮರದ ಎಳೆ ರೆಂಬೆಗಳು. ಓಕ್, ಲಿಂಡೆನ್ ಕೂಡ ಉಂಟು. ಜೂನ್ ಕೊನೆಯ ನಡುಬೇಸಿಗೆಯ ಹಬ್ಬದ ಸುಮಾರಿಗೆ ಕೊಯ್ಯುತ್ತಾರೆ. ತೀರ ಮುಂಚೆ ಕೊಯ್ದರೆ ಎಲೆ ಉದುರುತ್ತದೆ. ಚಳಿಗಾಲಕ್ಕೆಂದು ನೆರಳಲ್ಲಿ ಒಣಗಿಸಿ ತೂಗುಹಾಕುತ್ತಾರೆ, ಬಳಸುವ ಮುಂಚೆ ಬೆಚ್ಚಗಿನ ನೀರಲ್ಲಿ ನೆನೆಸುತ್ತಾರೆ. ಸೊಪ್ಪು ಕೊಯ್ಯುವ ಕಾಲ ಗೊತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಿಡಿಯೊದಲ್ಲಿ ನಮಗೆ ಹೊಡೆತ ಎಂದು ಕಂಡದ್ದು ಹೊಡೆತವಲ್ಲ. ಬಿಸಿ ಹಬೆ ಸೂರಿನ ಬಳಿ ನಿಂತಿರುತ್ತದೆ. ಕಟ್ಟನ್ನು ಮೇಲೆತ್ತಿ ಬೀಸಿ ಆ ಬಿಸಿಯನ್ನು ಕೆಳಗೆ ತರುತ್ತಾರೆ. ಮೊದಲು ಮೈಗೆ ತಾಗಿಸದೆ ಬೀಸುವುದು, ಆಮೇಲೆ ಎಲೆಯ ತುದಿಯಿಂದ ಸವರುವುದು, ಆಮೇಲೆ ತಟ್ಟುವುದು, ನಡುವೆ ಬಿಸಿಯಾದ ಕಟ್ಟನ್ನು ಸೊಂಟದ ಮೇಲೆ ಒತ್ತಿ ಹಿಡಿಯುವುದು. ತಲೆಗೆ ಉಣ್ಣೆಯ ಟೋಪಿ, ಮುಖದ ಕೆಳಗೆ ತಣ್ಣನೆಯ ಸೊಪ್ಪು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಕೈಗೆ ಬಡಿಯುವ ಹಬೆ ಗೊತ್ತಲ್ಲ? ಒಣ ಬಿಸಿಯಲ್ಲಿ ಬೆವರು ಆರಿ ಮೈ ತಣಿಯುತ್ತದೆ. ಹಬೆ ಹಾಗಲ್ಲ, ಚರ್ಮದ ಮೇಲೆ ನೀರಾಗಿ ಇಳಿದು ತನ್ನ ಬಿಸಿಯನ್ನೆಲ್ಲ ಅಲ್ಲೇ ಬಿಟ್ಟುಹೋಗುತ್ತದೆ. ಒಂದು ಸೌಟು ನೀರು ಹೆಚ್ಚಾದರೂ ಆಟ ಬದಲಾಗುತ್ತದೆ.

ಈ ಲೆಕ್ಕ ತಪ್ಪಿದ ಕಥೆಯೂ ಇದೆ. ಫಿನ್ಲೆಂಡ್‌ನ ಹೈನೊಲಾ ಪಟ್ಟಣದಲ್ಲಿ 1999ರಿಂದ 'ವಿಶ್ವ ಸೌನಾ ಚಾಂಪಿಯನ್‌ಶಿಪ್' ನಡೆಯುತ್ತಿತ್ತು. ಸೊಪ್ಪು ಇಲ್ಲ, ಸ್ನಾನ ಇಲ್ಲ. 110 ಡಿಗ್ರಿಯಲ್ಲಿ ಕೂರಬೇಕು, 30 ಸೆಕೆಂಡಿಗೊಮ್ಮೆ ಅರ್ಧ ಲೀಟರ್ ನೀರು ಕಲ್ಲಿಗೆ ಬೀಳುತ್ತದೆ, ಕೊನೆಗೆ ಎದ್ದು ಹೋಗುವವನೇ ಗೆದ್ದವನು. 2010ರ ಆಗಸ್ಟ್ 7ರ ಅಂತಿಮ ಸುತ್ತಿನಲ್ಲಿ ಸುಮಾರು ಆರು ನಿಮಿಷಕ್ಕೆ ಇಬ್ಬರು ಕುಸಿದರು. ರಷ್ಯಾದ ಸ್ಪರ್ಧಿ ತೀರಿಕೊಂಡ. ಫಿನ್ಲೆಂಡ್‌ನವನು ಮೈಯೆಲ್ಲ ಸುಟ್ಟು ವಾರಗಟ್ಟಲೆ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡ. ಆ ಸ್ಪರ್ಧೆ ಮತ್ತೆ ನಡೆಯಲಿಲ್ಲ. ಹೆರಿಗೆಯ ಮನೆಯನ್ನು ಹಠದ ಅಖಾಡ ಮಾಡಿದ್ದರು ಎಂದು ನಮಗೆ ಅನಿಸಿತು. ಎದ್ದು ಹೋಗಲು ಬಾಗಿಲು ತೆರೆದೇ ಇತ್ತು, ಏಳಲು ಮರ್ಯಾದೆ ಬಿಡಲಿಲ್ಲ.

ಸೊಪ್ಪಿನ ಕಟ್ಟಿನ ಸ್ಪರ್ಧೆಯ ಲೆಕ್ಕ ಬೇರೆ. ಎಷ್ಟು ತಡೆದುಕೊಂಡೆ ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ಮಲಗಿದವನ ಉಸಿರು ಗಮನಿಸಿದೆಯಾ, ನೀರು ಹದವಾಗಿ ಎರಚಿದೆಯಾ, ಎರಡು ಕೈಯ ಲಯ ತಪ್ಪಿತಾ ಎಂಬುದೇ ಅಲ್ಲಿನ ವಿದ್ಯೆ. ಇದನ್ನು ಓದುವಾಗ ನಮಗೆ ನೆನಪಾದದ್ದು ಬಾಣಂತಿಗೆ ನೀರು ಎರೆಯುವ ನಮ್ಮ ಅಜ್ಜಿಯರು. ಹಂಡೆಯಿಂದ ಒಂದು ಚೊಂಬು ತೆಗೆದು ಮೊದಲು ತಮ್ಮ ಕೈಮೇಲೆ ಬಿಟ್ಟುಕೊಂಡು, 'ತಡೀತದೇನವ್ವ?' ಎಂದು ಕೇಳಿ ಆಮೇಲೆ ಬೆನ್ನಿಗೆ ಹೊಯ್ಯುತ್ತಾರಲ್ಲ, ಅದೇ ಹದ. ಅವರಿಗೆ ಯಾರೂ ಅಂಕ ಕೊಟ್ಟಿಲ್ಲ, ಅದು ಬೇರೆ ಮಾತು.

ಇದನ್ನೆಲ್ಲ ಓದಿ ಮುಗಿಸಿ ಆ ವಿಡಿಯೊವನ್ನು ಮತ್ತೊಮ್ಮೆ ನೋಡಿದೆವು. ಮೊದಲ ಸಲ ಅರ್ಧಕ್ಕೇ ನಿಲ್ಲಿಸಿದ್ದೆವು. ಕೊನೆಯಲ್ಲಿ ಆ ಹೆಂಗಸು ಕಟ್ಟುಗಳನ್ನು ಬದಿಗಿಟ್ಟು, ಮಲಗಿದ್ದವನನ್ನು ನಿಧಾನವಾಗಿ ಎಬ್ಬಿಸಿ ಕೂರಿಸುತ್ತಾಳೆ. ಅವನ ಮುಖ ನೋಡುತ್ತಾ ಸ್ವಲ್ಪ ಹೊತ್ತು ಕಾಯುತ್ತಾಳೆ. ತೋಳು ಹಿಡಿದು ಹೊರಗೆ ತಣ್ಣೀರಿನ ತೊಟ್ಟಿಯವರೆಗೆ ನಡೆಸಿಕೊಂಡು ಹೋಗುತ್ತಾಳೆ. ತೀರ್ಪುಗಾರರು ಅಲ್ಲಿಯವರೆಗೂ ಅವಳ ಹಿಂದೆಯೇ ಬಂದು, ನಿಂತು ಬರೆಯುತ್ತಿದ್ದರು.